ಕೆಂಡ ಉಳಿಯುವ ಬಚ್ಚಲೊಲೆ

ಬಚ್ಚಲೊಲೆಯಲ್ಲಿ ನೀರು ಕಾದ ಮೇಲೆ ಕೆಂಡ ಉಳಿಯುತ್ತದಲ್ಲ, ಚಳಿಗಾಲದ ಅರ್ಧ ಸುಖ ಅದರಲ್ಲೇ ಉಂಟು. ನೀರು ಕಾಯಿಸುವುದಕ್ಕಷ್ಟೇ ಆದರೆ ಗೀಸರ್ ಸಾಕು, ಮಾಡಿನ ಮೇಲಿನ ಸೋಲಾರ್ ಸಾಕು. ಗೆಣಸು ಸುಡಲು, ಗುಳ್ಳ ಬದನೆ ಸುಡಲು, ಹಲಸಿನ ಹಪ್ಪಳ ಕಾಯಿಸಲು ಕೆಂಡವೇ ಬೇಕು. ಉಡುಪಿ ಜಿಲ್ಲೆಯ ಹಿರಿಯಡ್ಕದ ನಮ್ಮ ಮನೆಯ ಹಳೆ ಬಚ್ಚಲೊಲೆಯನ್ನು ಈ ವರ್ಷ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆವು. ಕಟ್ಟುವಾಗ ಪ್ರತಿ ಅಳತೆಗೂ ಒಂದೇ ಪ್ರಶ್ನೆ ಕೇಳಿಕೊಂಡೆ: ಸ್ನಾನ ಆದಮೇಲೆ ಒಲೆಯಲ್ಲಿ ಏನು ಉಳಿಯುತ್ತದೆ?

ಕರಾವಳಿಯ ಚಳಿ ಎಂದರೆ ಘಟ್ಟದ ಮೇಲಿನವರಿಗೆ ನಂಬಿಕೆ ಬರುವುದಿಲ್ಲ. ಆದರೂ ಡಿಸೆಂಬರ್, ಜನವರಿಯ ಬೆಳಿಗ್ಗೆ ಇಲ್ಲಿ 20 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುವ ವಸ್ತು. ಹಾಗಾಗಿ ಬಾಟಲಿಯೊಳಗೆ ಎಣ್ಣೆ ಬೆಳ್ಳಗೆ ಗಟ್ಟಿಯಾದ ದಿನ ನಮಗೆ ಚಳಿಗಾಲ ಬಂದ ಹಾಗೆ. ತುಳುವರ ಪೆರಾರ್ದೆ ತಿಂಗಳು ಅದು. ದೇವಸ್ಥಾನಗಳಲ್ಲಿ ನಸುಕಿನ ಧನು ಪೂಜೆ ನಡೆಯುತ್ತಿರುತ್ತದೆ. ಪೂಜೆಗೆ ಹೋಗುವವರಿಗೆ ಅದಕ್ಕೂ ಮೊದಲೇ ಬಿಸಿನೀರು ಬೇಕು. ಒಲೆ ಎಲ್ಲರಿಗಿಂತ ಮೊದಲು ಏಳಬೇಕಾದ ಕಾಲ.

ಹಳೆ ಒಲೆಯಲ್ಲಿ ಏನು ಕೆಟ್ಟಿತ್ತು

ಹಂಡೆ ಚೆನ್ನಾಗಿತ್ತು. ತಾಮ್ರದ್ದು, ಸುಮಾರು 60 ಲೀಟರ್ ಹಿಡಿಯುತ್ತದೆ, ಹೊಟ್ಟೆಯ ಅಗಲ 20 ಇಂಚಿನ ಹತ್ತಿರ. ಒಂದು ರಾತ್ರಿ ನೀರು ತುಂಬಿ ಒಣ ನೆಲದ ಮೇಲೆ ಇಟ್ಟು ನೋಡಿದೆವು. ಒಂದು ಹನಿಯೂ ಇಳಿದಿರಲಿಲ್ಲ. ಕೆಟ್ಟಿದ್ದು ಅದರ ಸುತ್ತಲಿನ ಕಟ್ಟೋಣ.

ಹಿಂದೆ ಯಾವಾಗಲೋ ಒಲೆಯ ಒಳಗೂ ಹೊರಗೂ ಸಿಮೆಂಟ್ ಸಾರಣೆ ಮಾಡಿಸಿದ್ದರು. ನೋಡಲು ಚಂದ. ಆದರೆ ಬೆಂಕಿ ತಾಗುವ ಜಾಗಕ್ಕೆ ಸಿಮೆಂಟ್ ಸರಿಯಲ್ಲ. ಸಿಮೆಂಟ್ ಗಟ್ಟಿಯಾಗುವಾಗ ನೀರನ್ನು ತನ್ನೊಳಗೆ ಕಟ್ಟಿಕೊಂಡಿರುತ್ತದೆ. ಬಿಸಿ 400 ಡಿಗ್ರಿ ದಾಟಿದರೆ ಆ ನೀರು ಬಿಟ್ಟು ಹೋಗಿ ಸಾರಣೆ ಪುಡಿಪುಡಿಯಾಗುತ್ತದೆ. ನಮ್ಮ ಒಲೆಯ ಒಳಮೈಯಲ್ಲಿ ಬೆರಳು ಹಾಕಿದರೆ ಮರಳಿನ ಹಾಗೆ ಉದುರುತ್ತಿತ್ತು. ಹೊರಗಿನ ಬಿರುಕುಗಳಿಂದ ಹೊಗೆ ಬಚ್ಚಲು ತುಂಬಾ ಬರುತ್ತಿತ್ತು. ಅಮ್ಮನಿಗೆ ಬೆಳಿಗ್ಗೆ ಬೆಂಕಿ ಮಾಡಿದರೆ ಮಧ್ಯಾಹ್ನದವರೆಗೆ ಕಣ್ಣುರಿ, ಕೆಮ್ಮು. ಒಲೆ ಬಿಚ್ಚಲು ಈ ಕಾರಣ ಒಂದೇ ಸಾಕಿತ್ತು.

ಒಲೆಯ ಬಾಯಿ ಕೂಡ ತೀರಾ ದೊಡ್ಡದು. ದಪ್ಪ ಕೊರಡನ್ನೇ ಹಾಗೇ ತಳ್ಳಲಿ ಎಂದು ಒಂದೂಕಾಲು ಅಡಿ ಬಿಟ್ಟಿದ್ದರು. ಅಷ್ಟು ದೊಡ್ಡ ಬಾಯಿಯಿಂದ ತಣ್ಣನೆಯ ಗಾಳಿ ನುಗ್ಗಿ ಹಂಡೆಯ ತಳವನ್ನೇ ಆರಿಸುತ್ತಿತ್ತು. ಕೊರಡು ಉರಿಯುತ್ತಾ ಉರಿಯುತ್ತಾ ಬಾಯಿಗೇ ಬರುತ್ತಿತ್ತು. ಕೆಂಡ ಬೀಳುವುದು ಹೊರಗೆ, ನೆಲದ ಮೇಲೆ.

ಕಟ್ಟಿಗೆ ಎಷ್ಟು ಹಾಳಾಗುತ್ತಿತ್ತು ಎಂದು ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಶಾಖ ಬೇಕು. 60 ಲೀಟರನ್ನು 25ರಿಂದ 65 ಡಿಗ್ರಿಗೆ ತರಲು ಸುಮಾರು 10,000 ಕಿಲೋಜೂಲ್. ಚೆನ್ನಾಗಿ ಒಣಗಿದ ಕಟ್ಟಿಗೆ ಕಿಲೋಗೆ 15,000 ಕಿಲೋಜೂಲಿನಷ್ಟು ಕೊಡುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಹೋದರೆ ಮುಕ್ಕಾಲು ಕಿಲೋ ಕಟ್ಟಿಗೆಯೂ ಬೇಡ! ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ನೀರಿಗೆ ಸೇರುವುದು 100ರಲ್ಲಿ 10-15 ಪಾಲು ಮಾತ್ರ. ಹಾಗೆ ಲೆಕ್ಕ ಹಾಕಿದರೆ ಐದಾರು ಕಿಲೋ ಬೇಕು. ಮುಚ್ಚಿದ ಒಲೆ, ಅಡಿಯಲ್ಲಿ ಕಬ್ಬಿಣದ ಸರಳಿನ ಜಾಲಿ, ಸರಿಯಾದ ಹೊಗೆಕೊಳವೆ ಇದ್ದರೆ ಇದರ ಅರ್ಧಕ್ಕಿಂತ ಕಡಿಮೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹಳ್ಳಿಗಳಿಗೆ ತಂದ ಅಸ್ತ್ರ ಒಲೆಯಲ್ಲೂ ಇದೇ ಮೂರು ವಿಷಯ. ನಾನು ನೆಚ್ಚಿದ್ದೂ ಅದನ್ನೇ, ಜೊತೆಗೆ ಒಂದು ಕೆಂಡದ ಗುಂಡಿ ಸೇರಿಸಿದೆ.

ಮಣ್ಣು, ಕಲ್ಲು, ಒಡೆದ ಹೆಂಚು

ದೀಪಾವಳಿಗೆ ಹಂಡೆ ತೊಳೆದು, ಶೇಡಿ ಎಂಬ ಬಿಳಿ ಮಣ್ಣು ಬಳಿದು, ಹೂ ಹಾಕಿ ನೀರು ತುಂಬಿದ ಹಬ್ಬ ಮುಗಿಯಲಿ ಎಂದು ಕಾದೆವು. ಅದಾದ ಮೇಲೆ ಬಿಚ್ಚಿದ್ದು. ಮಳೆ ಪೂರ್ತಿ ನಿಂತು ಗಾಳಿ ಒಣಗುವ ಕಾಲ ಮಣ್ಣಿನ ಕೆಲಸಕ್ಕೆ ಒಳ್ಳೆಯದು. ಹಳೆ ಒಲೆಯ ಮುರಕಲ್ಲುಗಳಲ್ಲಿ ಹೆಚ್ಚಿನವು ಗಟ್ಟಿಯಾಗಿಯೇ ಇದ್ದವು. ಮುರಕಲ್ಲು ಕ್ವಾರಿಯಿಂದ ತೆಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಹಾಗೆ ಗಟ್ಟಿಯಾಗುವ ಕಲ್ಲು. ಹಳೆಯದಾದಷ್ಟೂ ಒಳ್ಳೆಯದೇ. ಸಿಮೆಂಟ್ ಕೆತ್ತಿ ತೆಗೆದು ಮತ್ತೆ ಬಳಸಿದೆವು.

ಮಣ್ಣಿನ ವಿಷಯದಲ್ಲಿ ಮೇಸ್ತ್ರಿಗಳಿಗೂ ನನಗೂ ಸ್ವಲ್ಪ ಚರ್ಚೆ ಆಯಿತು. ಒಲೆಗೆ ಹುತ್ತದ ಮಣ್ಣೇ ಮೇಲು ಎಂದು ಹಲವು ಕಡೆ ಹೇಳುತ್ತಾರೆ. ಅದು ನಿಜವೂ ಇರಬಹುದು, ಗೆದ್ದಲು ಅಷ್ಟು ನುಣ್ಣಗೆ ಅರೆದಿರುತ್ತದೆ. ಆದರೆ ನಮ್ಮಲ್ಲಿ ಹುತ್ತ ಎಂದರೆ ನಾಗನ ಜಾಗ. ಅದಕ್ಕೆ ಯಾರೂ ಹಾರೆ ಹಾಕುವುದಿಲ್ಲ.

"ಬೈಲಿನ ಗದ್ದೆ ಮಣ್ಣು ಉಂಟಲ್ಲ ಮಾರಾಯ್ರೆ, ಹಂಚಿನವರು ತಕೊಂಡು ಹೋಗುದು ಅದನ್ನೇ. ಮತ್ತೆ ಬೇರೆ ಯಾಕೆ?" ಎಂದರು ಮೇಸ್ತ್ರಿಗಳು.

ಅವರು ಹೇಳಿದ್ದು ಸರಿ. ಹೊಳೆಬದಿಯ ಬೈಲುಗಳ ಈ ಅಂಟು ಮಣ್ಣಿನಿಂದಲೇ ಮಂಗಳೂರು ಹೆಂಚು ಹುಟ್ಟಿದ್ದು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದಿನಿಂದ ಈ ಜಿಲ್ಲೆಗಳಲ್ಲಿ ಒಡೆದ ಹೆಂಚಿಗೆ ಬರ ಇಲ್ಲ. ನಮ್ಮ ದನದ ಕೊಟ್ಟಿಗೆಯ ಹಿಂದೆಯೇ ಒಂದು ರಾಶಿ ಇತ್ತು. ಕೆಲವದರ ಬೆನ್ನ ಮೇಲೆ ಕಾರ್ಖಾನೆಯ ಹೆಸರಿನ ಅಚ್ಚು ಇನ್ನೂ ಓದಲು ಬರುತ್ತಿತ್ತು.

ಈ ಒಡೆದ ಹೆಂಚೇ ನಮ್ಮ ಒಲೆಯ ಜೀವ. ಒಂದು ಪಾಲನ್ನು ಕುಟ್ಟಿ ಪುಡಿ ಮಾಡಿದೆವು, ಇನ್ನೊಂದು ಪಾಲನ್ನು ಅಂಗೈ ಅಗಲದ ತುಂಡು ಮಾಡಿ ಬೆಂಕಿ ತಾಗುವ ಒಳಮೈಗೆ ಹಾಸಿದೆವು. ಹಸಿ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಹೆಂಚಿನ ಪುಡಿ ಒಮ್ಮೆ ಗೂಡಿನಲ್ಲಿ ಬೆಂದು ಬಂದದ್ದು, ಅದು ಇನ್ನು ಕುಗ್ಗುವುದಿಲ್ಲ. ಹಾಗಾಗಿ ಮಣ್ಣಿಗೆ ಅದನ್ನು ಸೇರಿಸಿದರೆ ಬಿರುಕು ಕಡಿಮೆ. ಹೆಂಚನ್ನು ಗ್ರೈಂಡರಿನಲ್ಲಿ ಕತ್ತರಿಸುವುದಾದರೆ ನೀರು ಚಿಮುಕಿಸಿ, ಮಾಸ್ಕ್ ಹಾಕಿ. ಆ ಧೂಳು ಎದೆಗೆ ಒಳ್ಳೆಯದಲ್ಲ.

ನಾವು ಹಿಡಿದ ಅಳತೆ ಹೀಗೆ. ಒಳಮೈಗೆ ಒಂದು ಬುಟ್ಟಿ ಜರಡಿ ಹಿಡಿದ ಜೇಡಿ ಮಣ್ಣು, ಎರಡು ಬುಟ್ಟಿ ಹೊಳೆ ಮರಳು, ಅರ್ಧ ಬುಟ್ಟಿ ಹೆಂಚಿನ ಪುಡಿ. ಹೊರಗೋಡೆಯ ಗಾರೆಗೆ ಅದೇ ಮಣ್ಣು ಮತ್ತು ಮರಳು, ಪುಡಿಯ ಬದಲು ಭತ್ತದ ಉಮಿ. ಉಮಿ ನಿಧಾನಕ್ಕೆ ಒಳಗೇ ಸುಟ್ಟು ಸಣ್ಣ ಸಣ್ಣ ತೂತು ಬಿಡುತ್ತದೆ. ಆ ತೂತುಗಳಲ್ಲಿ ಗಾಳಿ ನಿಂತು ಬಿಸಿ ಹೊರಗೆ ಓಡುವುದನ್ನು ತಡೆಯುತ್ತದೆ. ಮಣ್ಣನ್ನು ನೆನೆಸಿ ಗೋಣಿ ಮುಚ್ಚಿ ಎರಡು ಮೂರು ರಾತ್ರಿ ಬಿಡಬೇಕು. ಆಮೇಲೆ ಕಾಲಿನಿಂದ ತುಳಿಯಬೇಕು. ಇದಕ್ಕೆ ಯಂತ್ರ ಬೇಡ, ಮನೆಯ ಮಕ್ಕಳು ಸಾಕು. ಅವರಿಗೆ ನಿಲ್ಲಿಸು ಎಂದು ಹೇಳುವುದೇ ಕಷ್ಟ.

ನಿಮ್ಮ ಊರಿನ ಮಣ್ಣು ಬೇರೆ ಇರಬಹುದು, ಹಾಗಾಗಿ ಈ ಅಳತೆಯನ್ನು ಹಾಗೇ ನಂಬಬೇಡಿ. ಬೇರೆ ಬೇರೆ ಪ್ರಮಾಣದಲ್ಲಿ ಕಲಸಿ ಅಂಗೈ ಅಗಲದ ಬಿಲ್ಲೆ ತಟ್ಟಿ ನೆರಳಿನಲ್ಲಿ ಒಣಗಿಸಿ. ಬಿರಿದರೆ ಮಣ್ಣು ಜಾಸ್ತಿ ಆಯಿತು ಎಂದರ್ಥ. ಬೆರಳಲ್ಲಿ ಉಜ್ಜಿದಾಗ ಉದುರಿದರೆ ಮರಳು ಜಾಸ್ತಿ. ಎರಡೂ ಇಲ್ಲದೆ, ಎದೆ ಎತ್ತರದಿಂದ ಬಿಟ್ಟರೆ ಎರಡೋ ಮೂರೋ ತುಂಡಾಗುವ ಬಿಲ್ಲೆ ಇದೆಯಲ್ಲ, ಆ ಮಿಶ್ರಣವನ್ನು ಹಿಡಿಯಿರಿ.

ಕಟ್ಟಿದ್ದು

ಹೊರಗೆ ಮೂರೂವರೆ ಅಡಿ ಚೌಕ. ಒಳಗೆ ಗುಂಡಗೆ 22 ಇಂಚು. ಅಂದರೆ ಹಂಡೆಯ ಹೊಟ್ಟೆಗೂ ಒಳಗೋಡೆಗೂ ನಡುವೆ ಸುತ್ತಲೂ ಒಂದು ಇಂಚು ಜಾಗ. ಈ ಒಂದು ಇಂಚಿಗೆ ನಾನು ಹಟ ಹಿಡಿದೆ. ಜಾಗ ಹೆಚ್ಚಾದರೆ ಬಿಸಿ ಹೊಗೆ ಹಂಡೆಗೆ ತಾಗದೆ ಸುಮ್ನೆ ಮೇಲೆ ಹೋಗುತ್ತದೆ. ಕಡಿಮೆಯಾದರೆ ಎಳೆತ ಸಾಲದೆ ಬಾಯಿಯಿಂದ ವಾಪಸು ಬರುತ್ತದೆ. ಹಗ್ಗದ ಒಂದು ತುದಿಯನ್ನು ನಡುವಿನ ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ತಿರುಗಿಸುತ್ತಾ ಪ್ರತಿ ವರಸೆಯಲ್ಲೂ ಅಳತೆ ನೋಡಿದೆವು.

ಅಡಿಯಲ್ಲಿ ಬೂದಿ ಬೀಳುವ ಜಾಗ, ಐದು ಇಂಚು ಎತ್ತರ, ಮುಂದೆ ತೆರೆದಿದೆ. ಅದರ ಮೇಲೆ 12 ಮಿಲಿಮೀಟರ್ ಕಬ್ಬಿಣದ ಸರಳುಗಳ ಜಾಲಿ. ಸರಳನ್ನು ಗೋಡೆಗೆ ಬಿಗಿಯಾಗಿ ಹುಗಿಯಬಾರದು. ಬಿಸಿಗೆ ಕಬ್ಬಿಣ ಉದ್ದವಾಗುತ್ತದೆ, ಗೋಡೆಯನ್ನು ತಳ್ಳಿ ಬಿರುಕು ಬಿಡಿಸುತ್ತದೆ. ಎರಡೂ ತುದಿಗೆ ಅರ್ಧ ಇಂಚು ಸಡಿಲ ಬಿಟ್ಟು ಸುಮ್ಮನೆ ಇಟ್ಟಿದ್ದೇವೆ. ಸುಟ್ಟು ಸವೆದರೆ ತೆಗೆದು ಬೇರೆ ಹಾಕಬಹುದು. ಜಾಲಿಯಿಂದ ಹಂಡೆಯ ತಳಕ್ಕೆ ಏಳು ಇಂಚು. ಒಲೆಯ ಬಾಯಿ ಒಂಬತ್ತು ಇಂಚು ಅಗಲ. "ಇಷ್ಟು ಸಣ್ಣ ಬಾಯಿಗೆ ಕೊರಡು ಹೋಗುದಿಲ್ಲ" ಎಂದು ಅಮ್ಮ ಹೇಳಿದ್ದಕ್ಕೆ ಮೇಸ್ತ್ರಿಗಳು, "ಕೊರಡು ಒಡೆದು ಹಾಕಿ ಅಮ್ಮ. ಸಣ್ಣ ಕಟ್ಟಿಗೆ ಚಂದ ಉರಿತದೆ, ಹೊಗೆ ಬರುದಿಲ್ಲ" ಎಂದು ಉತ್ತರ ಕೊಟ್ಟರು.

ತುಂಬಿದ ಹಂಡೆಯ ಭಾರ 70 ಕಿಲೋ ಮೀರುತ್ತದೆ. ಅದನ್ನು ಕಂಠದ ಅಂಚಿನಲ್ಲಿ ತೂಗುಬಿಡಬಾರದು, ತಾಮ್ರ ಬಗ್ಗುತ್ತದೆ. ಒಳಗೋಡೆಯಿಂದ ಮೂರು ಕಡೆ ಮುರಕಲ್ಲಿನ ತುಂಡುಗಳನ್ನು ಮುಂದೆ ಚಾಚಿ ಕಟ್ಟಿ, ಅದರ ಮೇಲೆ ಹೊಟ್ಟೆ ಕೂರುವಂತೆ ಕೆತ್ತಿದ್ದಾರೆ. ಈ ಕೆತ್ತನೆಗೆ ಮೇಸ್ತ್ರಿಗಳು ತೆಗೆದುಕೊಂಡ ತಾಳ್ಮೆ ನೋಡಬೇಕಿತ್ತು. ಹಂಡೆ ಇಡುವುದು, ಮಸಿ ಹತ್ತಿದ ಜಾಗ ನೋಡುವುದು, ಹಂಡೆ ಎತ್ತುವುದು, ಅಲ್ಲಿ ಮಾತ್ರ ಸ್ವಲ್ಪ ಕೆತ್ತುವುದು. ಮೂರೂ ಕಲ್ಲಿಗೆ ಸಮನಾಗಿ ಮಸಿ ಹತ್ತುವವರೆಗೆ ಬಿಡಲಿಲ್ಲ.

ಕಂಠದ ಸುತ್ತಲಿನ ಸಂದನ್ನು ಗಟ್ಟಿ ಗಾರೆಯಿಂದ ಮುಚ್ಚಿಲ್ಲ. ಬೂದಿಗೆ ಸ್ವಲ್ಪ ಮಣ್ಣು ಕಲಸಿ ಮೆತ್ತಗೆ ತುಂಬಿದ್ದೇವೆ. ತಾಮ್ರ ಹಿಗ್ಗಲು ಕುಗ್ಗಲು ಜಾಗ ಬೇಕು. ಮುಂದಿನ ದೀಪಾವಳಿಗೆ ಹಂಡೆ ಎತ್ತಿ ತೊಳೆಯಲೂ ಬೇಕಲ್ಲ!

ಹೊಗೆ ಹೊರಹೋಗುವ ತೂತು ಹಿಂಬದಿಯಲ್ಲಿ, ಕಂಠದ ಸ್ವಲ್ಪ ಕೆಳಗೆ. ಬೆಂಕಿಯಿಂದ ಅಲ್ಲಿಗೆ ನೇರ ದಾರಿ ಸಿಕ್ಕಿದರೆ ಹೊಗೆ ಅದನ್ನೇ ಹಿಡಿಯುತ್ತದೆ. ಅದಕ್ಕೆ ಹಿಂಬದಿಯ ಸಂದಿಗೆ ಹೆಂಚಿನ ತುಂಡು ಅಡ್ಡ ಇಟ್ಟು, ಹೊಗೆ ಎರಡೂ ಬದಿಯಿಂದ ಹಂಡೆಯ ಹೊಟ್ಟೆ ಸುತ್ತಿ ಬರುವಂತೆ ಮಾಡಿದೆವು. ಅಲ್ಲಿಂದ ನಾಲ್ಕು ಇಂಚಿನ ಕಬ್ಬಿಣದ ಕೊಳವೆ ಮಾಡಿನ ಮೇಲೆ ಎರಡು ಅಡಿ ಎದ್ದು ನಿಂತಿದೆ. ತುದಿಗೆ ಮಳೆ ಬೀಳದಂತೆ ತಗಡಿನ ಟೋಪಿ. ಕೊಳವೆ ದಾಟುವ ಕಡೆ ಒಂದು ಹೆಂಚು ತೆಗೆದು ತಗಡು ಕೂರಿಸಿದೆವು. ಮಾಡಿನ ಮರಗಳಾದ ಪಕ್ಕಾಸು, ರೀಪುಗಳು ಕೊಳವೆಯಿಂದ ಸಾಕಷ್ಟು ದೂರ ಇರಲೇಬೇಕು. ನಮ್ಮಲ್ಲಿ ಒಂದು ರೀಪು ಹತ್ತಿರ ಬರುತ್ತಿತ್ತು, ಅದನ್ನು ಕತ್ತರಿಸಿ ಪಕ್ಕಕ್ಕೆ ಕೊಟ್ಟೆವು. ಒಣ ಮರದ ಮಾಡು, ಇದರಲ್ಲಿ ರಾಜಿ ಬೇಡ.

ಇನ್ನು ಕೆಂಡದ ಗುಂಡಿ. ಒಲೆಯ ಬಾಯಿಯ ಬಲಕ್ಕೆ, ಕೂತವರ ಕೈಗೆ ಸಿಗುವಂತೆ, ಒಂದೂಕಾಲು ಅಡಿ ಉದ್ದ, ಒಂಬತ್ತು ಇಂಚು ಅಗಲ, ಏಳು ಇಂಚು ಆಳದ ತೊಟ್ಟಿ. ಅಡಿಗೂ ಬದಿಗೂ ಹೆಂಚಿನ ತುಂಡು. ಅಡಿಯಲ್ಲಿ ಜಾಲಿ ಇಲ್ಲ, ಗಾಳಿ ಬರುವ ತೂತು ಇಲ್ಲ. ಕೆಂಡ ಜಾಲಿಯ ಮೇಲೆಯೇ ಉಳಿದರೆ ಕೆಳಗಿನ ಗಾಳಿಗೆ ಬೇಗ ಉರಿದು ಬೂದಿಯಾಗುತ್ತದೆ. ಗುಂಡಿಗೆ ಎಳೆದು ಬೂದಿ ಮುಚ್ಚಿದರೆ ಉಸಿರು ಸಣ್ಣದಾಗಿ ಸಂಜೆವರೆಗೂ ಇರುತ್ತದೆ. ಬೂದಿ ಬಿಸಿಯನ್ನೂ ಸುಲಭಕ್ಕೆ ಹೊರಗೆ ಬಿಡುವುದಿಲ್ಲ.

ಒಲೆಯ ಮೇಲ್ಭಾಗದ ಕಟ್ಟೆಯನ್ನು ಬೇಕೆಂದೇ ಅಗಲ ಬಿಟ್ಟೆ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಒಣಗಿಸುವುದು, ಮೊದಲ ಬೆಂಕಿ

ಕಟ್ಟಿ ಮುಗಿದ ಕೂಡಲೇ ಬೆಂಕಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಒಳಗಿನ ನೀರು ಆವಿಯಾಗಿ ಹೊರಗೆ ಬರಲು ದಾರಿ ಸಿಗದೆ ಗೋಡೆಯನ್ನೇ ಒಡೆಯುತ್ತದೆ. ಕಡಿಮೆ ಎಂದರೆ ಹತ್ತು ದಿನ ನೆರಳಲ್ಲಿ ಒಣಗಲಿ. ಆಮೇಲೆ ಒಂದು ಹಿಡಿ ತೆಂಗಿನ ಗರಿ ಉರಿಸಿ ನಿಲ್ಲಿಸಿ. ಮರುದಿನ ಸ್ವಲ್ಪ ಹೆಚ್ಚು. ಹಂಡೆಯಲ್ಲಿ ನೀರು ಇಲ್ಲದೆ ಮಾತ್ರ ಎಂದೂ ಬೆಂಕಿ ಹಾಕಬೇಡಿ. ಕೂದಲೆಳೆಯ ಬಿರುಕು ಕಂಡರೆ ಹೆದರಬೇಕಾಗಿಲ್ಲ. ಬೂದಿ ಮತ್ತು ಜೇಡಿ ಮಣ್ಣಿನ ತೆಳು ಬಗ್ಗಡವನ್ನು ಬಟ್ಟೆಯಲ್ಲಿ ಅದ್ದಿ ಉಜ್ಜಿದರೆ ಮುಚ್ಚುತ್ತದೆ. ಕೊನೆಗೆ ಸೆಗಣಿ, ಮಣ್ಣು ಸೇರಿಸಿ ಹೊರಮೈಗೆ ಒಂದು ಕೈ ಸಾರಿಸಿದೆವು.

ಪೂರ್ತಿ ಬೆಂಕಿ ಹಾಕಿದ ದಿನ ಎಲ್ಲರೂ ಬಚ್ಚಲಲ್ಲೇ ಇದ್ದೆವು. ಉರಿ ಹಿಂದಕ್ಕೆ ವಾಲಿ ಹಂಡೆಯ ಅಡಿಗೆ ಹೋಯಿತು, ಬಾಯಿಯಿಂದ ಒಂದು ಎಳೆ ಹೊಗೆಯೂ ಬರಲಿಲ್ಲ. ಅಮ್ಮ ಒಲೆಯ ಮುಂದೆ ಮಣೆ ಹಾಕಿ ಕೂತವರು ಎದ್ದೇ ಇಲ್ಲ. ನನಗೆ ಈ ಇಡೀ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಕಟ್ಟಿಗೆ ಹಾಕುವ ಕ್ರಮವೂ ಮುಖ್ಯ. ಶುರುವಿಗೆ ತರಗೆಲೆ, ಒಣ ಗರಿ. ಆಮೇಲೆ ಕೊತ್ತಳಿಗೆ (ತೆಂಗಿನ ಗರಿಯ ದಪ್ಪ ದಿಂಡು), ಸೀಳಿದ ಗೇರು ಗೆಲ್ಲು. ನೀರು ಮುಕ್ಕಾಲು ಕಾದಾಗ ತೆಂಗಿನ ಗೆರಟೆ, ಅಂದರೆ ಚಿಪ್ಪು, ಹಾಕಿ. ಗೆರಟೆಯ ಕೆಂಡ ಗಟ್ಟಿ, ಬಿಸಿ ಜಾಸ್ತಿ, ಬಾಳಿಕೆಯೂ ಜಾಸ್ತಿ. ಮೊದಲೇ ಹಾಕಿದರೆ ಧಗಧಗ ಉರಿದು ಮುಗಿಯುತ್ತದೆ, ಕೊನೆಗೆ ಹಾಕಿದರೆ ಕೆಂಡ ಉಳಿಯುತ್ತದೆ. ತೆಂಗಿನ ಸಿಪ್ಪೆ ಹೊಗೆ ಜಾಸ್ತಿ ಕೊಡುತ್ತದೆ, ತಿನ್ನುವುದನ್ನು ಸುಡುವ ದಿನ ಬೇಡ. ಗೇರುಬೀಜದ ಸಿಪ್ಪೆಯನ್ನಂತೂ ಈ ಒಲೆಗೆ ಹಾಕಲೇಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆಯೂ ಕೆಟ್ಟದ್ದು. ಪ್ಲಾಸ್ಟಿಕ್ ವಿಷಯ ಹೇಳಬೇಕಾಗಿಯೇ ಇಲ್ಲ.

ಒಂದು ಎಚ್ಚರಿಕೆ. ಬೂದಿ ಮುಚ್ಚಿದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಚ್ಚಲಿನ ಕಿಟಕಿ ತೆರೆದೇ ಇರಲಿ. ಚಳಿ ಎಂದು ಕೆಂಡವನ್ನು ಮಲಗುವ ಕೋಣೆಗೆ ಒಯ್ಯಬೇಡಿ.

ಗೆಣಸು, ಗುಳ್ಳ, ಹಪ್ಪಳ

ಗೆಣಸು ಸುಡುವುದಕ್ಕೆ ಮಧ್ಯಮ ದಪ್ಪದ್ದು, ಉದ್ದನೆಯದು ಆರಿಸಿ. ತೊಳೆಯಬೇಡಿ, ಮಣ್ಣು ಒರೆಸಿದರೆ ಸಾಕು. ಕಿತ್ತು ಕೆಲವು ದಿನ ಆದ ಗೆಣಸು ಹೊಸದಕ್ಕಿಂತ ಸಿಹಿ. ಗುಂಡಿಯಲ್ಲಿ ಕೆಂಡ, ಅದರ ಮೇಲೆ ಒಂದು ಇಂಚು ಬಿಸಿ ಬೂದಿ, ಮೇಲೆ ಗೆಣಸು, ಮತ್ತೆ ಬೂದಿ, ಎಲ್ಲಕ್ಕಿಂತ ಮೇಲೆ ಸ್ವಲ್ಪ ಕೆಂಡ. ಕೆಂಡ ನೇರ ತಾಗಿದರೆ ಹೊರಗೆ ಕರಿ, ಒಳಗೆ ಹಸಿ. ಬೂದಿಯ ನಡುವೆ ನಿಧಾನಕ್ಕೆ ಬೇಯಬೇಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಈ ನಿಧಾನದಲ್ಲೇ ರುಚಿ ಇರುವುದು. ಗೆಣಸಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಉಂಟು. ಸುಮಾರು 60ರಿಂದ 75 ಡಿಗ್ರಿ ನಡುವೆ ಅದು ಚುರುಕಾಗಿ ಕೆಲಸ ಮಾಡಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಇನ್ನೂ ಬಿಸಿಯಾದರೆ ಕಿಣ್ವ ಸಾಯುತ್ತದೆ. ಕುಕ್ಕರಿನಲ್ಲಿ ಆ ಹಂತ ಕೆಲವೇ ನಿಮಿಷದಲ್ಲಿ ದಾಟಿಹೋಗುತ್ತದೆ. ಬೂದಿಯಲ್ಲಿ ಗೆಣಸು ಆ ಬಿಸಿಯಲ್ಲಿ ಬಹಳ ಹೊತ್ತು ಇರುತ್ತದೆ. ಅದಕ್ಕೇ ಒಂದೇ ಬುಟ್ಟಿಯ ಗೆಣಸು ಬೇಯಿಸಿದರೆ ಸಪ್ಪೆ, ಸುಟ್ಟರೆ ಬೆಲ್ಲ. ಸಿಪ್ಪೆಯ ಮೇಲೆ ಕಂದು ಪಾಕ ಒಸರಿ ಅಂಟಿದ್ದು ಕಂಡರೆ, ಹಿಡಿಸೂಡಿ (ಪೊರಕೆ) ಕಡ್ಡಿ ತಡೆಯಿಲ್ಲದೆ ಒಳಗೆ ಹೋದರೆ, ತೆಗೆಯಬಹುದು. ಮಕ್ಕಳು ಕಾಯಿತುರಿ ಜೊತೆ ತಿನ್ನುತ್ತಾರೆ. ನನಗೆ ಉಪ್ಪು, ಮೆಣಸಿನ ಪುಡಿ, ನಾಲ್ಕು ಹನಿ ತೆಂಗಿನ ಎಣ್ಣೆ.

ಮಟ್ಟು ಗುಳ್ಳದ ಕಾಲವೂ ಇದೇ. ಕಟಪಾಡಿಯ ಹತ್ತಿರದ ಮಟ್ಟುವಿನಲ್ಲಿ ಮಳೆಗಾಲ ಮುಗಿದ ಮೇಲೆ ಬೆಳೆಯುವ, ಹಸಿರು ಮೈಗೆ ಬಿಳಿ ಗೀರಿನ, ತೆಳು ಸಿಪ್ಪೆಯ ಆ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಸಾಂಬಾರಿಗೆ ಅದು ಪ್ರಸಿದ್ಧ. ಸುಟ್ಟು ಮಾಡುವ ಬಜ್ಜಿಯ ರುಚಿ ತಿಂದೇ ತಿಳಿಯಬೇಕು. ಇದಕ್ಕೆ ಬೂದಿ ಬೇಡ, ಹೊಗೆಯಿಲ್ಲದ ಕೆಂಡ ಬೇಕು. ಎಣ್ಣೆ ಸವರಿ, ಎರಡು ಕಡೆ ಚುಚ್ಚಿ, ಕೆಂಡದ ಮೇಲೆ ತಿರುಗಿಸುತ್ತಾ ಸುಡಿ. ಸಿಪ್ಪೆ ಕರಿಯಾಗಿ ಮೈ ಕುಗ್ಗಿದಾಗ ತೆಗೆದು ತಟ್ಟೆ ಮುಚ್ಚಿಡಿ, ಸಿಪ್ಪೆ ತಾನಾಗಿ ಬಿಡುತ್ತದೆ. ಎರಡು ಹಸಿಮೆಣಸನ್ನೂ ಅಲ್ಲೇ ಸುಟ್ಟು ಉಪ್ಪಿನ ಜೊತೆ ನುರಿದು, ಹುಣಸೆ ರಸ ಹಾಕಿ, ತೆಂಗಿನ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಕುಚ್ಚಲಕ್ಕಿ ಗಂಜಿಗೆ ಇದೊಂದು ಸಾಕು.

ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳಕ್ಕೆ ಕೆಂಡದ ಮೇಲೆ ಅರ್ಧ ನಿಮಿಷವೂ ಬೇಡ. ಇಕ್ಕಳದಲ್ಲಿ ಹಿಡಿದು ಕೈ ನಿಲ್ಲಿಸದೆ ತಿರುಗಿಸುತ್ತಿರಿ.

ಕಟ್ಟೆಯ ಉಪಯೋಗ ಹೇಳುತ್ತೇನೆ ಎಂದಿದ್ದೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಬೆಳಗಾದರೂ ಉಬ್ಬುವುದಿಲ್ಲ, ಮೊಸರು ನೀರಾಗಿಯೇ ಇರುತ್ತದೆ. ರಾತ್ರಿ ನೀರು ಕಾಯಿಸಿದ ಮೇಲೆ ಈ ಕಟ್ಟೆ ಕೈಗೆ ಹಿತವಾಗುವಷ್ಟು ಬೆಚ್ಚಗೆ ಬಹಳ ಹೊತ್ತು ಇರುತ್ತದೆ. ಹಿಟ್ಟಿನ ಪಾತ್ರೆಯ ಕೆಳಗೆ ಒಂದು ಮಣೆ ಇಟ್ಟು ಅಲ್ಲಿಟ್ಟರೆ ಬೆಳಿಗ್ಗೆ ಮುಚ್ಚಳ ಎತ್ತುವಷ್ಟು ಉಬ್ಬಿರುತ್ತದೆ. ಮೊಸರೂ ಅಷ್ಟೇ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯದ ಪಾತ್ರೆ ಬೆಳಿಗ್ಗೆ ಅಲ್ಲೇ ಇರುತ್ತದೆ. ಎಣ್ಣೆ ಬಾಟಲಿಯೂ ಅಲ್ಲೇ. ಭಾನುವಾರದ ಎಣ್ಣೆಸ್ನಾನಕ್ಕೆ ಕರಗಿಸುವ ಕೆಲಸ ಇಲ್ಲ.

ಒಲೆ ಮುಂದೆ ಕೂತು ಮಾಡಿದ್ದು

ಗೆಣಸು ಬೇಯುವ ಒಂದು ಗಂಟೆ ಕೈಗೆ ಕೆಲಸ ಬೇಕಲ್ಲ. ಗೆರಟೆ ಪಕ್ಕದಲ್ಲೇ ರಾಶಿ ಇರುತ್ತದೆ. ಅದರಲ್ಲಿ ಒಂದು ಚೆನ್ನಾಗಿ ಬಲಿತದ್ದು, ಕಣ್ಣಿಲ್ಲದ ಬದಿಯ ಅರ್ಧ ಆರಿಸಿ ಸೌಟು ಮಾಡಿ. ಹೊರಗಿನ ನಾರನ್ನು ಕತ್ತಿಯ ಬಾಯಿಯಿಂದ ಕೆರೆದು, 80 ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 120, 220 ಎಂದು ಉಜ್ಜುತ್ತಾ ಹೋದರೆ ಕಪ್ಪು ಕಂದು ಹೊಳಪು ಬರುತ್ತದೆ. ಅಂಚಿನಿಂದ ಅರ್ಧ ಇಂಚು ಕೆಳಗೆ ಎದುರುಬದುರು ಎರಡು ತೂತು. ಸಣ್ಣ ಮೊಳೆಯನ್ನು ಕೆಂಡದಲ್ಲಿ ಕಾಯಿಸಿ ಚುಚ್ಚಿದರೆ ಗೆರಟೆ ಸೀಳುವುದಿಲ್ಲ. ಆಮೇಲೆ ಚೂರಿಯ ತುದಿಯಿಂದ ಅಗಲ ಮಾಡಬೇಕು. ಹಿಡಿಗೆ ಬಿದಿರು ಅಥವಾ ಅಡಿಕೆ ಮರದ ಸೀಳು. ಒಂದು ತೂತಿನಿಂದ ತೂರಿಸಿ ಎದುರಿನ ತೂತಿನಲ್ಲಿ ತುದಿ ಬಿಗಿಯಾಗಿ ಕೂರಬೇಕು. ಮೊಳೆ, ಅಂಟು ಏನೂ ಬೇಡ. ಒದ್ದೆಯಾದಾಗ ಹಿಡಿ ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಕೊನೆಗೆ ತೆಂಗಿನ ಎಣ್ಣೆ. ಈ ಕಾಲದಲ್ಲಿ ಅದು ಗಟ್ಟಿ ಇರುವುದೇ ಅನುಕೂಲ, ಬೆರಳಲ್ಲಿ ತೆಗೆದು ಉಜ್ಜಿದರೆ ಹರಿದುಹೋಗದೆ ಒಳಗೆ ಇಳಿಯುತ್ತದೆ.

ಅಡಿಕೆ ಹಾಳೆಯ ಬೀಸಣಿಗೆ ಇನ್ನೂ ಸುಲಭ. ಹಾಳೆ ನೀರಲ್ಲಿ ನೆನೆಸಿ, ಕಲ್ಲಿನ ಕೆಳಗೆ ಚಪ್ಪಟೆ ಮಾಡಿ, ಒಣಗಿದ ಮೇಲೆ ಕತ್ತರಿಸಿ. ಕೆಂಡ ಊದಲು ಇದೇ ಸಾಕು. ಬಗ್ಗಿ ಬಾಯಿಯಿಂದ ಊದಿ ಬೂದಿ ಕಣ್ಣಿಗೆ ಹಾಕಿಕೊಳ್ಳಬೇಕಾಗಿಲ್ಲ.

ಇನ್ನು ಉಳಿದದ್ದು ನೋಡಿಕೊಳ್ಳುವ ಕೆಲಸ. ಹಂಡೆಯ ತಳದ ದಪ್ಪ ಮಸಿಯನ್ನು ಆಗಾಗ ಕೆರೆಯಬೇಕು, ಅದು ಬಿಸಿ ತಡೆಯುತ್ತದೆ. ಪೂರ್ತಿ ಬೆಳಗಬೇಕಾಗಿಲ್ಲ, ತೆಳು ಕಪ್ಪು ಇದ್ದರೆ ತೊಂದರೆ ಇಲ್ಲ. ಬೂದಿಯನ್ನು ಅಮ್ಮ ಬಸಳೆ ಚಪ್ಪರದ ಬುಡಕ್ಕೂ ತರಕಾರಿ ಸಾಲಿಗೂ ಹಾಕುತ್ತಾರೆ. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು, ಬೂದಿ ಅದನ್ನು ತಗ್ಗಿಸುತ್ತದೆ, ಪೊಟ್ಯಾಷ್ ಕೂಡ ಕೊಡುತ್ತದೆ. ಹೊಗೆಕೊಳವೆಗೆ ತಿಂಗಳಿಗೊಮ್ಮೆ ಉದ್ದ ಬಿದಿರಿಗೆ ಗೋಣಿ ಸುತ್ತಿ ಮೇಲಿನಿಂದ ಆಡಿಸಿದರೆ ಮಸಿ ಉದುರುತ್ತದೆ. ಮೇ ತಿಂಗಳು ಮುಗಿಯುವ ಮೊದಲು ಮಾಡಿನ ತಗಡಿನ ಸುತ್ತ ಒಮ್ಮೆ ನೋಡಿ, ಸಂದು ಬಿಟ್ಟಿದ್ದರೆ ಟಾರು ಹಚ್ಚಿ. ಜೂನ್ ಮಳೆ ಹಿಡಿದ ಮೇಲೆ ಮಾಡು ಹತ್ತುವ ಹಾಗಿಲ್ಲ.